ಅಂಕಪಟ್ಟಿಯಲ್ಲಿ ಮೊದಲು ಒಬ್ಬರು, ಕಪ್ ಇನ್ನೊಬ್ಬರಿಗೆ: ಇದು ಫಿಕ್ಸಿಂಗಾ, ಲೆಕ್ಕವಾ?

ಫುಟ್‌ಬಾಲ್ ಸೀಸನ್ ಮುಗಿಯುವ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ತಿರುಗಲು ಶುರುವಾಗುತ್ತದೆ. ಪಕ್ಕಪಕ್ಕದಲ್ಲಿ ಎರಡು ಚಿತ್ರ. ಒಂದರಲ್ಲಿ ಅಂಕಪಟ್ಟಿ, ಅದರಲ್ಲಿ ಒಂದು ತಂಡ ಎಲ್ಲರಿಗಿಂತ ಮೇಲೆ. ಇನ್ನೊಂದರಲ್ಲಿ ಬೇರೆಯೇ ತಂಡ ಕಪ್ ಎತ್ತಿ ಹಿಡಿದಿದೆ. ಕೆಳಗೆ ಒಂದು ಸಾಲು: ‘ಇಷ್ಟು ಅಂಕ ಮುಂದಿದ್ದವರಿಗೆ ಕಪ್ ಇಲ್ಲ, ಹಾಗಾದರೆ ಲೀಗ್ ಯಾಕೆ? ಎಲ್ಲ ಮೊದಲೇ ಫಿಕ್ಸ್!’

ಚಿತ್ರಗಳು ಸುಳ್ಳಲ್ಲ. ಎರಡೂ ನಿಜವೇ ಇರುತ್ತವೆ. ಅದಕ್ಕೇ ಇಂಥ ಸಂದೇಶ ಬೇಗ ಹರಡುತ್ತದೆ. ಆದರೆ ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಅವುಗಳ ನಡುವಿನ ಸಂಬಂಧವೂ ನಿಜವಾಗುವುದಿಲ್ಲ. ಇಲ್ಲಿ ನಡುವೆ ಇರುವುದು ಮೋಸ ಅಲ್ಲ, ಸ್ವಲ್ಪ ಲೆಕ್ಕ. ಅದನ್ನು ನೋಡಲು ನಮ್ಮದೇ ರಾಜ್ಯದ ತಂಡದ ಒಂದು ಸೀಸನ್ ಹಿಡಿದುಕೊಳ್ಳೋಣ.

2017-18: ಎಂಟು ಅಂಕ ಮುಂದಿದ್ದೂ ಬರಿಗೈ

ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷ ಅದು. ಒಟ್ಟು 10 ತಂಡ. ಪ್ರತಿ ತಂಡವೂ ಉಳಿದ ಒಂಬತ್ತು ತಂಡಗಳ ಜೊತೆ ತವರಿನಲ್ಲಿ ಒಮ್ಮೆ, ಎದುರಾಳಿಯ ಅಂಗಳದಲ್ಲಿ ಒಮ್ಮೆ, ಹೀಗೆ 18 ಪಂದ್ಯ ಆಡಬೇಕು. ಬೆಂಗಳೂರು 13 ಗೆದ್ದಿತು, ಒಂದು ಡ್ರಾ, ನಾಲ್ಕು ಸೋಲು. ಒಟ್ಟು 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32 ಅಂಕ.

ಆಮೇಲೆ ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಬೆಂಗಳೂರು ಪುಣೆಯನ್ನು ದಾಟಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಚೆನ್ನೈಯಿನ್ ಗೋವಾವನ್ನು ದಾಟಿತು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೈನಲ್. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು, ಇಡೀ ಕ್ರೀಡಾಂಗಣ ಕುಣಿಯಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದಾಗಿತ್ತು. ಆಮೇಲೆ ರಾಫೆಲ್ ಅಗಸ್ಟೊ ಮೂರನೆಯದು. ಕೊನೆ ಗಳಿಗೆಯಲ್ಲಿ ಬೆಂಗಳೂರಿನ ಮಿಕು ಒಂದು ಗೋಲು ಹೊಡೆದರೂ ಸಾಲಲಿಲ್ಲ. 3-2. ಕಪ್ ಚೆನ್ನೈಗೆ ಹೋಯಿತು.

ತವರಿನ ಅಂಗಳ, ಎಂಟು ಅಂಕದ ಮುನ್ನಡೆ, ಮೊದಲ ಗೋಲೂ ತಮ್ಮದೇ. ಆದರೂ ಸೋಲು. ‘ಏನೋ ನಡೆದಿದೆ’ ಅಂತ ಅಭಿಮಾನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಿಜವಾಗಿ ನಡೆದದ್ದು ಇಷ್ಟೇ: ಲೀಗ್ ಒಂದು ಪ್ರಶ್ನೆ ಕೇಳಿತ್ತು, ಫೈನಲ್ ಇನ್ನೊಂದು ಪ್ರಶ್ನೆ ಕೇಳಿತು. ನಾಲ್ಕು ತಿಂಗಳ ಉದ್ದಕ್ಕೆ ಯಾರು ಚೆನ್ನಾಗಿ ಆಡಿದರು ಅನ್ನುವುದು ಮೊದಲಿನದು. ಈ ಒಂದು ಸಂಜೆ ಯಾರು ಗೆಲ್ಲುತ್ತಾರೆ ಅನ್ನುವುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಇರಬೇಕು ಅಂತ ನಿಯಮವೇನೂ ಇಲ್ಲ.

ಕೊಡಗಿನವರಿಗೆ ಗೊತ್ತಿರುವ ಲೆಕ್ಕ

ಬಾಳೆಲೆ, ಪೊನ್ನಂಪೇಟೆ, ಗೋಣಿಕೊಪ್ಪದ ಕಡೆಯ ಓದುಗರಿಗೆ ಟೂರ್ನಿ ಅಂದರೆ ಮೊದಲು ನೆನಪಾಗುವುದು ನಾಕೌಟ್. ಕೊಡವ ಕುಟುಂಬಗಳ ಹಾಕಿ ಹಬ್ಬವೇ ಅದಕ್ಕೆ ದೊಡ್ಡ ಉದಾಹರಣೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು, ಅದು ಗಿನ್ನೆಸ್ ದಾಖಲೆಯಾಯಿತು.

360 ತಂಡ ಇದ್ದರೆ ನಾಕೌಟ್‌ನಲ್ಲಿ ಎಷ್ಟು ಪಂದ್ಯ ಬೇಕು? ಕಾಗದ, ಪೆನ್ನು ಬೇಡ. ಪ್ರತಿ ಪಂದ್ಯದಲ್ಲೂ ಒಂದು ತಂಡ ಮನೆಗೆ ಹೋಗುತ್ತದೆ. ಕೊನೆಗೆ ಒಂದು ಉಳಿಯಬೇಕಾದರೆ 359 ತಂಡಗಳು ಸೋಲಬೇಕು. ಹಾಗಾಗಿ 359 ಪಂದ್ಯ. ಒಂದು ತಿಂಗಳ ಆಸುಪಾಸಿನಲ್ಲಿ ಮುಗಿಸಬಹುದು.

ಅದೇ 360 ತಂಡಗಳು ಲೀಗ್ ಆಡಿದರೆ? ಎಲ್ಲರೂ ಎಲ್ಲರ ಜೊತೆ ಒಂದೊಂದೇ ಸಲ ಆಡಿದರೂ 64,620 ಪಂದ್ಯ. ದಿನಕ್ಕೆ ಹತ್ತು ಪಂದ್ಯ ಆಡಿಸಿದರೆ ಹದಿನೇಳು ವರ್ಷ ದಾಟುತ್ತದೆ! ಊರಿನ ಟೂರ್ನಿಗಳು, ಮಳೆಗಾಲದ ಕೆಸರುಗದ್ದೆ ಫುಟ್‌ಬಾಲ್ ಸೇರಿದಂತೆ, ಹೆಚ್ಚಾಗಿ ನಾಕೌಟ್ ಆಗಿರುವುದಕ್ಕೆ ಇದೇ ಕಾರಣ. ಮೈದಾನ ಒಂದು, ದಿನ ಎರಡು, ತಂಡ ಇಪ್ಪತ್ತು. ಬೇರೆ ದಾರಿ ಇಲ್ಲ.

ನಾಕೌಟ್‌ನಲ್ಲಿ ನಾಲ್ಕು ಸಲ ಸೋತವರು ಚಾಂಪಿಯನ್ ಆಗುವುದು ಸಾಧ್ಯವಿಲ್ಲದ ಮಾತು. ಲೀಗ್‌ನಲ್ಲಿ ಅದು ಸಾಮಾನ್ಯ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಅದರ ಮೊದಲ ಸೀಸನ್ 2013-14. 13 ತಂಡ, ತಲಾ 24 ಪಂದ್ಯ. ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಛೆಟ್ರಿ ನಾಯಕ. 14 ಗೆಲುವು, 5 ಡ್ರಾ, 5 ಸೋಲು, 47 ಅಂಕ. ಮೊದಲ ಪ್ರಯತ್ನದಲ್ಲೇ ಚಾಂಪಿಯನ್. ಅಲ್ಲಿ ಫೈನಲ್ ಅಂತ ಇರಲೇ ಇಲ್ಲ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿದ ಕೂಡಲೇ ಇನ್ಯಾರೂ ಮುಟ್ಟಲಾಗದಷ್ಟು ಅಂಕ ಕೈಗೆ ಬಂತು, ಅಷ್ಟಕ್ಕೇ ಪ್ರಶಸ್ತಿ ಖಚಿತ. ಐದು ಸಲ ಸೋತ ತಂಡ ಅದು. ಊರಿನ ಟೂರ್ನಿಯಾಗಿದ್ದರೆ ಮೊದಲ ಸೋಲಿಗೇ ಬಸ್ ಹತ್ತಬೇಕಿತ್ತು.

ಒಂದು ಪಂದ್ಯದಲ್ಲಿ ಅದೃಷ್ಟ ಎಷ್ಟು?

ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಎರಡೂವರೆ, ಮೂರು ಗೋಲು ಆದರೆ ಹೆಚ್ಚು. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ 80-90 ಅಂಕ ಗಳಿಸುತ್ತದೆ. ಅಲ್ಲಿ ಒಂದೆರಡು ಬುಟ್ಟಿ ಅದೃಷ್ಟದಿಂದ ಬಿದ್ದರೆ ಫಲಿತಾಂಶ ಬದಲಾಗುವುದು ಕಡಿಮೆ. ಫುಟ್‌ಬಾಲ್‌ನಲ್ಲಿ ಒಂದು ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯಿತೋ ಹೊರಗೆ ಹೋಯಿತೋ ಅನ್ನುವುದರ ಮೇಲೆ ಇಡೀ ಪಂದ್ಯ ನಿಂತಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಂದು ಬಲಶಾಲಿ ತಂಡ ಪಂದ್ಯಕ್ಕೆ ಸರಾಸರಿ 1.8 ಗೋಲು ಹೊಡೆಯುತ್ತದೆ. ಎದುರಾಳಿ ಸರಾಸರಿ ಒಂದು ಗೋಲು ಹೊಡೆಯುತ್ತದೆ. ಹೆಚ್ಚುಕಡಿಮೆ ದುಪ್ಪಟ್ಟು ಬಲ. ಅಪರೂಪದ ಘಟನೆಗಳನ್ನು ಎಣಿಸಲು ಗಣಿತದಲ್ಲಿ ಬಳಸುವ ಪಾಯ್ಸಾನ್ ಸೂತ್ರಕ್ಕೆ ಈ ಎರಡು ಸಂಖ್ಯೆ ಕೊಟ್ಟರೆ ಬರುವ ಉತ್ತರ: ಇಂಥ ನೂರು ಪಂದ್ಯಗಳಲ್ಲಿ ಬಲಶಾಲಿ ತಂಡ ಗೆಲ್ಲುವುದು ಸುಮಾರು 56. ಡ್ರಾ 23. ಸೋಲುವುದು 21. ಅಂದರೆ ಐದರಲ್ಲಿ ಒಂದು ಸಲ ದುರ್ಬಲ ತಂಡವೇ ಗೆಲ್ಲುತ್ತದೆ. ರೆಫರಿ ಮೋಸ ಮಾಡಬೇಕಾಗಿಲ್ಲ, ಗೋಲ್‌ಕೀಪರ್ ದುಡ್ಡು ತಿನ್ನಬೇಕಾಗಿಲ್ಲ. ಸುಮ್ಮನೆ ಆಡಿದರೂ ಹಾಗೆ ಆಗುತ್ತದೆ.

ಪಂದ್ಯಗಳ ಸಂಖ್ಯೆ ಹೆಚ್ಚಿದಂತೆ ಅದೃಷ್ಟದ ಆಟ ಕರಗುತ್ತ ಹೋಗುತ್ತದೆ. ಇದನ್ನು ನಾಣ್ಯದಲ್ಲೂ ನೋಡಬಹುದು. ಐದು ಸಲ ಚಿಮ್ಮಿದಾಗ ನಾಲ್ಕು ಸಲ ಹೆಡ್ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ, ಐನೂರು ಸಲ ಚಿಮ್ಮಿ ನಾನೂರು ಹೆಡ್ ಬಿದ್ದರೆ ನಾಣ್ಯವನ್ನೇ ಪರೀಕ್ಷೆ ಮಾಡಬೇಕಾಗುತ್ತದೆ. ಡ್ರಾ ಬಿಟ್ಟು ಲೆಕ್ಕ ಸುಲಭ ಮಾಡಿಕೊಂಡು, ಒಂದು ತಂಡಕ್ಕೆ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಅನ್ನೋಣ. ಒಂದೇ ಪಂದ್ಯ ಆಡಿಸಿದರೆ ಉತ್ತಮ ತಂಡ ಗೆಲ್ಲುವ ಸಾಧ್ಯತೆ 60. ಮೂರು ಪಂದ್ಯ ಆಡಿಸಿ ಹೆಚ್ಚು ಗೆದ್ದವರು ಯಾರು ಅಂತ ನೋಡಿದರೆ 65. ಏಳು ಪಂದ್ಯಕ್ಕೆ 71. ಹದಿನೇಳು ಪಂದ್ಯಕ್ಕೆ 80ರ ಹತ್ತಿರ. ಉದ್ದದ ಲೀಗ್ ಯಾಕೆ ಬೇಕು ಅನ್ನುವುದಕ್ಕೆ ಇದೇ ಉತ್ತರ. ಹದಿನೇಳು ಪಂದ್ಯದ ನಂತರವೂ ಐದರಲ್ಲಿ ಒಂದು ಸಲ ತಪ್ಪು ತಂಡ ಮೇಲೆ ಬರಬಹುದು ಅನ್ನುವುದನ್ನೂ ಗಮನಿಸಿ. ಲೀಗ್ ಕೂಡ ದೇವರ ತಕ್ಕಡಿ ಅಲ್ಲ.

ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಅನ್ನುವ ಪದ್ಧತಿಯೂ ಇದಕ್ಕೇ ಸೇರಿದ್ದು. ತವರಿನ ಲಾಭ ಬರೀ ನಂಬಿಕೆ ಅಲ್ಲ, ಅಂಕಿಅಂಶಗಳಲ್ಲಿ ಕಾಣುತ್ತದೆ. ಕೊರೊನಾ ಕಾಲದಲ್ಲಿ ಯುರೋಪಿನ ಲೀಗ್‌ಗಳು ಖಾಲಿ ಕ್ರೀಡಾಂಗಣದಲ್ಲಿ ನಡೆದಾಗ ಅದು ಕುಗ್ಗಿದ್ದನ್ನು ಹಲವು ಅಧ್ಯಯನಗಳು ಕಂಡವು. ಹೊರಗಿನಿಂದ ಬಂದ ತಂಡಕ್ಕೆ ರೆಫರಿಗಳು ಹೆಚ್ಚು ಹಳದಿ ಕಾರ್ಡ್ ತೋರಿಸುವ ವಾಡಿಕೆಯೂ ಆಗ ಕಡಿಮೆಯಾಯಿತು. ಜನರ ಕೂಗು ಆಟಗಾರರಿಗಿಂತ ರೆಫರಿಗೆ ಹೆಚ್ಚು ತಟ್ಟುತ್ತದೆ ಅಂತ ಕಾಣುತ್ತದೆ.

ಮೂರು ಅಂಕದ ಚಮತ್ಕಾರ

2017-18ರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬೆಂಗಳೂರು ನಾಲ್ಕು ಪಂದ್ಯ ಸೋತಿತ್ತು. ಚೆನ್ನೈಯಿನ್ ಎಷ್ಟು ಸೋತಿತ್ತು? ಅದೂ ನಾಲ್ಕೇ! ಒಂಬತ್ತು ಗೆಲುವು, ಐದು ಡ್ರಾ, ನಾಲ್ಕು ಸೋಲು. ಇವರಿಬ್ಬರೂ ಎದುರಾದಾಗ ಲೀಗ್‌ನಲ್ಲಿ ತಲಾ ಒಂದೊಂದು ಗೆದ್ದಿದ್ದರು. ಅಂದರೆ ‘ಎಂಟು ಅಂಕ’ ಅನ್ನುವುದು ಕೇಳಲು ಬೆಟ್ಟದಷ್ಟು, ನಿಜದಲ್ಲಿ ಚೆನ್ನೈಯಿನ್ ಡ್ರಾ ಮಾಡಿಕೊಂಡ ನಾಲ್ಕು ಪಂದ್ಯಗಳನ್ನು ಬೆಂಗಳೂರು ಗೆದ್ದುಕೊಂಡಿತ್ತು, ಅಷ್ಟೇ ವ್ಯತ್ಯಾಸ.

ಈಗ ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಹಿಂದೆ ಗೆಲುವಿಗೆ ಎರಡೇ ಅಂಕ ಇತ್ತು. ಡ್ರಾಗೆ ತೃಪ್ತಿಪಟ್ಟು ರಕ್ಷಣೆಗೆ ನಿಲ್ಲುವ ತಂಡಗಳು ಹೆಚ್ಚಾದವು ಅಂತ ಇಂಗ್ಲೆಂಡ್ 1981ರಲ್ಲಿ ಮೂರು ಅಂಕಕ್ಕೆ ಬದಲಾಯಿತು, 1994ರಲ್ಲಿ ವಿಶ್ವಕಪ್‌ಗೂ ಬಂತು. ಹಳೇ ಎರಡಂಕದ ಪದ್ಧತಿ ಇದ್ದಿದ್ದರೆ ಆ ವರ್ಷ ಬೆಂಗಳೂರಿಗೆ 27, ಚೆನ್ನೈಯಿನ್‌ಗೆ 23. ಮುನ್ನಡೆ ಎಂಟಲ್ಲ, ನಾಲ್ಕು. ಆಟ ಅದೇ, ಗೋಲು ಅದೇ, ಅಂತರ ಅರ್ಧ. ಅಂಕಪಟ್ಟಿಯ ಚಿತ್ರ ನೋಡಿ ‘ಎಷ್ಟೊಂದು ದೂರ’ ಅನ್ನುವ ಮೊದಲು ಗೆಲುವು-ಡ್ರಾ-ಸೋಲಿನ ಕಾಲಂಗಳ ಮೇಲೂ ಕಣ್ಣು ಹಾಯಿಸುವುದು ಒಳ್ಳೆಯದು.

ಅಂಕ ಸಮವಾದರೆ ಯಾರು ಮೇಲೆ ಅನ್ನುವುದರಲ್ಲೂ ಜಗಳ ಇದೆ. ಮರುವರ್ಷ, 2018-19ರಲ್ಲಿ, ಬೆಂಗಳೂರು ಮತ್ತು ಗೋವಾ ಎರಡೂ 34 ಅಂಕದಲ್ಲಿ ನಿಂತವು. ಗೋಲು ವ್ಯತ್ಯಾಸದಲ್ಲಿ ಗೋವಾ ಮುಂದಿತ್ತು. ಆದರೂ ಮೊದಲ ಸ್ಥಾನ ಬೆಂಗಳೂರಿಗೆ, ಯಾಕೆಂದರೆ ಐಎಸ್‌ಎಲ್ ನಿಯಮದಲ್ಲಿ ಮೊದಲು ನೋಡುವುದು ಆ ಎರಡು ತಂಡಗಳ ನಡುವಿನ ಪಂದ್ಯಗಳನ್ನು. ಅವೆರಡನ್ನೂ ಬೆಂಗಳೂರು ಗೆದ್ದಿತ್ತು. ಸ್ಪೇನ್ ಲೀಗ್‌ನಲ್ಲೂ ಹೀಗೇ. ಇಂಗ್ಲೆಂಡ್‌ನಲ್ಲಿ ಮೊದಲು ಗೋಲು ವ್ಯತ್ಯಾಸ. 2011-12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು 89 ಅಂಕದಲ್ಲಿ ಸಮವಾಗಿ, ಸಿಟಿ ತಂಡ ಗೋಲು ವ್ಯತ್ಯಾಸದಿಂದ ಗೆದ್ದದ್ದು ಹಾಗೆ. ನಿಯಮ ಸೀಸನ್‌ಗೆ ಮೊದಲೇ ಬರೆದಿಟ್ಟದ್ದಾದರೆ ಯಾವುದನ್ನೂ ಮೋಸ ಅನ್ನಲಾಗುವುದಿಲ್ಲ.

ಹನ್ನೊಂದು ವರ್ಷದಲ್ಲಿ ಮೂರೇ ಸಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಟ್ಟಿಯಲ್ಲಿ ಮೊದಲು ನಿಂತ ತಂಡ ಸೆಮಿಫೈನಲ್, ಫೈನಲ್ ಎರಡನ್ನೂ ಗೆಲ್ಲಬೇಕು. ಪ್ರತಿ ಹಂತದಲ್ಲೂ ಗೆಲ್ಲುವ ಸಾಧ್ಯತೆ 60 ಅಂತ ಇಟ್ಟುಕೊಂಡರೂ ಎರಡನ್ನೂ ಗೆಲ್ಲುವ ಸಾಧ್ಯತೆ 60ರಲ್ಲಿ 60 ಪಾಲು, ಅಂದರೆ 36. ಮೂರು ವರ್ಷದಲ್ಲಿ ಒಂದು ವರ್ಷ ಗೆದ್ದರೆ ಅದೇ ಸಹಜ.

ನಿಜವಾಗಿ ಏನಾಗಿದೆ? ಐಎಸ್‌ಎಲ್ 2014ರಲ್ಲಿ ಶುರುವಾಯಿತು. ಮೊದಲ ವರ್ಷ ಚೆನ್ನೈಯಿನ್ ಮೊದಲ ಸ್ಥಾನ, ಕಪ್ ಕೋಲ್ಕತ್ತಾಕ್ಕೆ. 2015ರಲ್ಲಿ ಗೋವಾ ಮೊದಲು, ಕಪ್ ಚೆನ್ನೈಯಿನ್‌ಗೆ. 2016ರಲ್ಲಿ ಮುಂಬೈ ಮೊದಲು, ಕಪ್ ಮತ್ತೆ ಕೋಲ್ಕತ್ತಾಕ್ಕೆ. ನಾಲ್ಕನೆಯದು ನಾವು ನೋಡಿದ 2017-18. ಐದನೇ ವರ್ಷ, 2018-19ರಲ್ಲಿ, ಪಟ್ಟಿಯ ಮೊದಲಿಗರು ಕಪ್ ಕೂಡ ಗೆದ್ದರು. ಹಾಗೆ ಗೆದ್ದ ಮೊದಲ ತಂಡ ಬೆಂಗಳೂರು ಎಫ್‌ಸಿಯೇ. ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲು. ಪೆನಾಲ್ಟಿಗೆ ಮೂರು ನಿಮಿಷ ಬಾಕಿ ಇತ್ತು! ಆಮೇಲೆ 2020-21ರಲ್ಲಿ ಮುಂಬೈ, 2024-25ರಲ್ಲಿ ಮೋಹನ್ ಬಾಗಾನ್ ಈ ಜೋಡಿ ಸಾಧನೆ ಮಾಡಿದವು. ಉಳಿದ ವರ್ಷಗಳಲ್ಲಿ ಗೋವಾ, ಜಮ್ಶೆಡ್‌ಪುರ, ಮುಂಬೈ, ಮೋಹನ್ ಬಾಗಾನ್ ಒಂದೊಂದು ಸಲ ಮೊದಲು ನಿಂತು ಕಪ್ ಕಳೆದುಕೊಂಡವು.

2014ರಿಂದ 2024-25ರವರೆಗೆ ಹನ್ನೊಂದು ಸೀಸನ್, ಮೂರು ಸಲ. ನೂರಕ್ಕೆ 27. ಹನ್ನೊಂದು ಅನ್ನುವುದು ಸಣ್ಣ ಸಂಖ್ಯೆ, ಸೆಮಿಫೈನಲ್ ಹೆಚ್ಚಾಗಿ ಎರಡು ಪಂದ್ಯದ್ದು ಅನ್ನುವುದೂ ಇದೆ, ಹಾಗಾಗಿ 27 ಮತ್ತು 36ರ ವ್ಯತ್ಯಾಸಕ್ಕೆ ಅರ್ಥ ಹುಡುಕುವುದು ಬೇಡ. ಆದರೆ ಒಂದು ಸಂಗತಿ ಸ್ಪಷ್ಟ. ಪಟ್ಟಿಯ ಮೊದಲಿಗರು ಕಪ್ ಗೆಲ್ಲದಿರುವುದು ವಿಚಿತ್ರವಲ್ಲ, ಅದೇ ಮಾಮೂಲಿ. ಬಲಶಾಲಿ ತಂಡ ಬೇರೆ, ನಗರ ಬೇರೆ, ಮಾಲೀಕರು ಬೇರೆ, ಎಂಟು ವರ್ಷವೂ ಅದೇ ಫಲ. ಇದನ್ನೆಲ್ಲ ಯಾರೋ ಕೂತು ‘ಫಿಕ್ಸ್’ ಮಾಡಿದರು ಅನ್ನುವುದಕ್ಕಿಂತ, ಎರಡು ಹಂತದ ನಾಕೌಟ್‌ನ ಗುಣವೇ ಹಾಗೆ ಅನ್ನುವುದು ಸರಳ.

ಅಂದಹಾಗೆ, 2025ರ ಐಪಿಎಲ್ ನೆನಪಿದೆಯೇ? ಲೀಗ್ ಹಂತದಲ್ಲಿ ಪಂಜಾಬ್ ಮತ್ತು ಆರ್‌ಸಿಬಿ ತಲಾ 19 ಅಂಕ, ರನ್‌ರೇಟ್‌ನಲ್ಲಿ ಪಂಜಾಬ್ ಮೊದಲು. ಕಪ್ ಗೆದ್ದದ್ದು ಆರ್‌ಸಿಬಿ, ಆರು ರನ್‌ಗಳಿಂದ. ಆಗ ‘ಪಟ್ಟಿಯ ಮೊದಲಿಗರಿಗೆ ಅನ್ಯಾಯ’ ಅನ್ನುವ ಸಂದೇಶ ನಮ್ಮ ಕಡೆಯ ಗುಂಪುಗಳಲ್ಲಿ ಅಷ್ಟಾಗಿ ಓಡಾಡಲಿಲ್ಲ. ನಾವು ಗೆದ್ದಾಗ ಅದು ರೋಚಕ ಫೈನಲ್, ಸೋತಾಗ ಫಿಕ್ಸಿಂಗ್!

ಹಾಗಾದರೆ ಪ್ಲೇಆಫ್ ಯಾಕೆ ಇಟ್ಟರು?

ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಫೈನಲ್ ಇಲ್ಲ. ಪಟ್ಟಿಯಲ್ಲಿ ಮೊದಲು ನಿಂತವರೇ ಚಾಂಪಿಯನ್. ಅಮೆರಿಕ ಮತ್ತು ಆಸ್ಟ್ರೇಲಿಯಾದ ಲೀಗ್‌ಗಳಲ್ಲಿ ಪ್ಲೇಆಫ್ ಇದೆ. ಐಎಸ್‌ಎಲ್ ಎರಡನೇ ದಾರಿ ಹಿಡಿಯಿತು. ಕಾರಣ ಗುಟ್ಟೇನಲ್ಲ: ಒಂದು ತಂಡ ಬಹಳ ಮುಂದೆ ಹೋಗಿಬಿಟ್ಟರೆ ಕೊನೆಯ ತಿಂಗಳು ಯಾರೂ ಟಿವಿ ಹಾಕುವುದಿಲ್ಲ. ಪ್ಲೇಆಫ್ ಇದ್ದರೆ ಆರನೇ ಸ್ಥಾನದವರೆಗೂ ಆಸೆ ಜೀವಂತ. ಟಿಕೆಟ್, ಜಾಹೀರಾತು ಎಲ್ಲ ಅದರ ಜೊತೆ.

ಟಿವಿಗೆ ಬೇಕಾದದ್ದು ಕಪ್‌ನ ದಾರಿ ಆಯಿತು, ನ್ಯಾಯಕ್ಕೆ ಬೇಕಾದದ್ದು ಪಟ್ಟಿ. ಈ ಎರಡರ ನಡುವೆ ಮೊದಲ ವರ್ಷಗಳಲ್ಲಿ ಪಟ್ಟಿಯ ಮೊದಲಿಗರಿಗೆ ಟ್ರೋಫಿಯೇ ಇರಲಿಲ್ಲ. ದೂರುವುದಾದರೆ ಇದನ್ನು ದೂರಬೇಕಿತ್ತು, ಅದು ನ್ಯಾಯವಾದ ದೂರು. 2019-20ರಿಂದ ಲೀಗ್ ಶೀಲ್ಡ್ ಅಂತ ಬೇರೆ ಪ್ರಶಸ್ತಿ ಬಂತು, ಮೊದಲು ಗೆದ್ದದ್ದು ಗೋವಾ. ಏಷ್ಯಾದ ಚಾಂಪಿಯನ್ಸ್ ಲೀಗ್‌ಗೆ ಹೋಗುವ ಅವಕಾಶವನ್ನೂ ಕಪ್ ಗೆದ್ದವರಿಗಲ್ಲ, ಶೀಲ್ಡ್ ಗೆದ್ದವರಿಗೆ ಕೊಟ್ಟರು. ಇದು ಸಣ್ಣ ಮಾತಲ್ಲ. ಏಷ್ಯಾದ ದೊಡ್ಡ ಕ್ಲಬ್‌ಗಳ ಎದುರು ಆಡುವ ಹಕ್ಕು ಇಡೀ ಸೀಸನ್ ಚೆನ್ನಾಗಿ ಆಡಿದವರದು ಅಂತ ಆಯಿತು. ಅಂಕಪಟ್ಟಿ-ಕಪ್ ಜೋಡಿ ಚಿತ್ರದ ಸಂದೇಶ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆ ವರ್ಷ ಶೀಲ್ಡ್ ಇತ್ತೇ, ಅದು ಯಾರ ಕೈಯಲ್ಲಿತ್ತು? ಹೆಚ್ಚಿನ ಸಲ ಮೂರನೆಯ ಚಿತ್ರವೊಂದು ಇರುತ್ತದೆ. ಪಟ್ಟಿಯ ಮೊದಲಿಗರು ನಗುತ್ತ ಶೀಲ್ಡ್ ಹಿಡಿದಿರುವುದು. ಅದನ್ನು ಬಿಟ್ಟು ಕಳಿಸಿರುತ್ತಾರೆ.

ಡ್ರಾ ಮಾಡಿಕೊಂಡು ಚಾಂಪಿಯನ್?

ಇದೂ ಆಗಾಗ ಕಾಣುವ ಗೊಂದಲ. 2015ರ ಮೇ 31, ಕಂಠೀರವ. ಐ-ಲೀಗ್‌ನ ಕೊನೆಯ ದಿನ. ಬೆಂಗಳೂರಿಗೆ 36 ಅಂಕ, ಎದುರಿಗಿದ್ದ ಮೋಹನ್ ಬಾಗಾನ್‌ಗೆ 38. ಬೆಂಗಳೂರು ಗೆದ್ದರೆ 39 ಆಗಿ ಚಾಂಪಿಯನ್, ಡ್ರಾ ಆದರೂ ಸಾಕು ಬಾಗಾನ್ ಚಾಂಪಿಯನ್. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. ಮೂರು ನಿಮಿಷ ಬಾಕಿ ಇರುವಾಗ, 87ನೇ ನಿಮಿಷದಲ್ಲಿ, ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಹಾಕಿದರು. 1-1. ಬಾಗಾನ್ 39, ಬೆಂಗಳೂರು 37.

ಅದನ್ನು ‘ಫೈನಲ್’ ಅಂತ ಕರೆದವರು ಬಹಳ. ಫೈನಲ್ ಆಗಿರಲಿಲ್ಲ, ವೇಳಾಪಟ್ಟಿಯ ಕಾಕತಾಳೀಯ ಅಷ್ಟೇ. ಪ್ರಶಸ್ತಿ ನಿರ್ಧಾರವಾದದ್ದು ಆ ಒಂದು ಹೆಡರ್‌ನಿಂದ ಅಂತ ಕಾಣುತ್ತದೆ, ಆದರೆ ಅದಕ್ಕೆ ಮೊದಲಿನ 19 ಪಂದ್ಯಗಳಲ್ಲಿ ಬೆಂಗಳೂರು ಎಲ್ಲಾದರೂ ಎರಡು ಡ್ರಾಗಳನ್ನು ಗೆಲುವಾಗಿ ಮಾಡಿಕೊಂಡಿದ್ದರೆ ಅದೇ 1-1 ಬೆಂಗಳೂರಿಗೆ ಸಂಭ್ರಮ ಆಗಬಹುದಿತ್ತು.

ಗಡಿಯಾಚೆಗಿನ ಆ ಫ್ರೀ ಕಿಕ್

ಕುಟ್ಟ ದಾಟಿದರೆ ವಯನಾಡು. ಬಾಳೆಲೆ ಸುತ್ತಮುತ್ತ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳಿಗೆ ಕೊರತೆ ಇಲ್ಲ. ಹಾಗಾಗಿ 2023ರ ಮಾರ್ಚ್ 3ರ ವಿಡಿಯೊ ಇಲ್ಲಿನ ಗುಂಪುಗಳಲ್ಲಿ ಇಂದಿಗೂ ಜಗಳ ಹುಟ್ಟಿಸುತ್ತದೆ. ನಾಲ್ಕನೇ ಸ್ಥಾನದ ಬೆಂಗಳೂರು, ಐದನೇ ಸ್ಥಾನದ ಬ್ಲಾಸ್ಟರ್ಸ್, ಒಂದೇ ಪಂದ್ಯದ ಪ್ಲೇಆಫ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಛೆಟ್ರಿ ಚೆಂಡನ್ನು ಗೋಲಿಗೆ ಹಾಕಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಯಿತು.

‘ಸೀಟಿ ಊದದೆ ಫ್ರೀ ಕಿಕ್ ಹೊಡೆಯುವಂತಿಲ್ಲ’ ಅನ್ನುವುದು ತಪ್ಪು ತಿಳಿವಳಿಕೆ. ಫುಟ್‌ಬಾಲ್‌ನ ನಿಯಮಗಳಲ್ಲಿ ಬೇಗ ಹೊಡೆಯುವ ಫ್ರೀ ಕಿಕ್‌ಗೆ ಅವಕಾಶ ಇದೆ. ಸೀಟಿಗೆ ಕಾಯಬೇಕಾದದ್ದು ರೆಫರಿ ಕಾಯಲು ಹೇಳಿದಾಗ: ಕಾರ್ಡ್ ತೋರಿಸುವುದಿದ್ದರೆ, ಆಟಗಾರರ ಬದಲಾವಣೆ ಇದ್ದರೆ, ಗೋಡೆಯನ್ನು 9.15 ಮೀಟರ್ ಹಿಂದೆ ಸರಿಸಬೇಕು ಅಂತ ಹೊಡೆಯುವವರು ಕೇಳಿದರೆ. ಆ ದಿನ ರೆಫರಿ ಕಾಯಲು ಹೇಳಿದ್ದರೋ ಇಲ್ಲವೋ ಅನ್ನುವುದೇ ವಾದದ ತಿರುಳು. ಬ್ಲಾಸ್ಟರ್ಸ್‌ನ ಆಕ್ಷೇಪವನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಒಪ್ಪಲಿಲ್ಲ. ಮೈದಾನ ಬಿಟ್ಟದ್ದಕ್ಕೆ ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್ ಇವಾನ್ ವುಕೊಮನೊವಿಚ್‌ಗೆ ಹತ್ತು ಪಂದ್ಯದ ನಿಷೇಧ. ಇದೇ ಗೋಲು ಲೀಗ್‌ನ ಮಧ್ಯದಲ್ಲಿ ಬಂದಿದ್ದರೆ ಮೂರು ಅಂಕ ಹೋಯಿತು ಅಂತ ಗೊಣಗಿ ಮುಂದಿನ ವಾರ ಆಡುತ್ತಿದ್ದರು. ನಾಕೌಟ್ ಆದ್ದರಿಂದ ಒಂದು ಕಿಕ್ಕಿಗೆ ಇಡೀ ಸೀಸನ್ ಮುಗಿಯಿತು. ಆ ಸಿಟ್ಟಿನ ಬೇರು ಅಲ್ಲಿದೆ. ಬೆಂಗಳೂರು ಅಲ್ಲಿಂದ ಫೈನಲ್‌ವರೆಗೂ ಹೋಗಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತಿತು.

ನಿಜವಾದ ಫಿಕ್ಸಿಂಗ್ ಹೇಗೆ ಗೊತ್ತಾಗುತ್ತದೆ?

ಫುಟ್‌ಬಾಲ್‌ನಲ್ಲಿ ಮೋಸ ಇಲ್ಲವೇ ಇಲ್ಲ ಅಂತ ಯಾರೂ ಹೇಳಲಾರರು. 2006ರಲ್ಲಿ ಇಟಲಿಯಲ್ಲಿ ದೊಡ್ಡ ಹಗರಣ ಹೊರಬಿತ್ತು. ಯುವೆಂಟಸ್ ತಂಡದ ಎರಡು ಪ್ರಶಸ್ತಿಗಳನ್ನು ಕಿತ್ತುಕೊಂಡು ಕೆಳಗಿನ ದರ್ಜೆಗೆ ತಳ್ಳಿದರು. ಅದು ಬಯಲಾದದ್ದು ಅಂಕಪಟ್ಟಿಯ ಚಿತ್ರದಿಂದಲ್ಲ. ಕ್ಲಬ್ ಅಧಿಕಾರಿಗಳು ರೆಫರಿಗಳನ್ನು ನೇಮಿಸುವವರ ಜೊತೆ ಆಡಿದ ಫೋನ್ ಮಾತುಗಳ ಧ್ವನಿಮುದ್ರಣದಿಂದ. ಬೇರೆಡೆ ಬೆಟ್ಟಿಂಗ್ ಮಾರುಕಟ್ಟೆಯಲ್ಲಿ ಇದ್ದಕ್ಕಿದ್ದಂತೆ ಬರುವ ದೊಡ್ಡ ಮೊತ್ತಗಳು, ಬ್ಯಾಂಕ್ ವ್ಯವಹಾರ, ಆಟಗಾರರೇ ಕೊಟ್ಟ ದೂರು, ಇಂಥವು ಸುಳಿವು ಕೊಡುತ್ತವೆ. ‘ಬಲಶಾಲಿ ತಂಡ ಸೋತಿತು’ ಅನ್ನುವುದು ಸುಳಿವಲ್ಲ, ಅದು ಐದರಲ್ಲಿ ಒಂದು ಸಲ ಆಗಲೇಬೇಕಾದದ್ದು.

ಸಂದೇಶ ಒತ್ತಿ ಕಳಿಸುವವರಿಗೆ ಅದು ತಮಾಷೆ. ಗೋಲ್‌ಕೀಪರ್‌ನ ಹೆಸರು, ಫೋಟೊ ಹಾಕಿ ‘ಇವನೇ ಮಾರಿಕೊಂಡವನು’ ಅಂತ ಬರೆದದ್ದು ಅವನ ಮನೆಯವರ ಫೋನಿಗೂ ಹೋಗುತ್ತದೆ. ಊರಿನ ಮೈದಾನದಲ್ಲಿ ಚೆಂಡು ಒದೆಯುವ ಹುಡುಗನಿಗೂ ಹೋಗುತ್ತದೆ, ‘ಆಡಿ ಏನು ಪ್ರಯೋಜನ, ಎಲ್ಲ ಫಿಕ್ಸ್’ ಅನ್ನುವ ಮಾತು ಅವನ ಕಿವಿಗೆ ಬೀಳುತ್ತದೆ.

ಇನ್ನು 2024-25ರ ಸೀಸನ್. ಮೋಹನ್ ಬಾಗಾನ್ 24 ಪಂದ್ಯಗಳಲ್ಲಿ 17 ಗೆದ್ದು 56 ಅಂಕ ಗಳಿಸಿತು, ಶೀಲ್ಡ್ ಎತ್ತಿತು. ಬೆಂಗಳೂರು 38 ಅಂಕದೊಂದಿಗೆ ಮೂರನೇ ಸ್ಥಾನ. ಹದಿನೆಂಟು ಅಂಕದ ಅಂತರ. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಇವೆರಡೇ ತಂಡಗಳು ಫೈನಲ್‌ಗೆ ನಿಂತವು. ಎರಡನೇ ಅವಧಿ ಶುರುವಾಗುತ್ತಲೇ ಬಾಗಾನ್‌ನ ಡಿಫೆಂಡರ್ ಆಲ್ಬರ್ಟೊ ರೊಡ್ರಿಗಸ್ ಕಾಲಿಗೆ ತಗುಲಿದ ಚೆಂಡು ಅವರದೇ ಗೋಲಿನೊಳಗೆ ಹೋಯಿತು. 72ನೇ ನಿಮಿಷದಲ್ಲಿ ಜೇಸನ್ ಕಮಿಂಗ್ಸ್ ಪೆನಾಲ್ಟಿ ಹೊಡೆದು ಸಮ ಮಾಡುವವರೆಗೆ, ಹದಿನೆಂಟು ಅಂಕ ಹಿಂದಿದ್ದ ಬೆಂಗಳೂರೇ ಚಾಂಪಿಯನ್ ಆಗುವ ಸ್ಥಿತಿಯಲ್ಲಿತ್ತು. ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಗೋಲು ಹೊಡೆದರು, 2-1. ಆ ವರ್ಷ ಪಟ್ಟಿ ಮತ್ತು ಕಪ್ ಎರಡೂ ಒಂದೇ ಮನೆಗೆ ಹೋದವು.